ಧಾತು ಈಶ್ವರದ ಬರ

1876ರಿಂದ 1878ರ ವರೆಗೆ ಮೈಸೂರು ಸೀಮೆಯನ್ನು ಬಾಧಿಸಿದ ಕ್ಷಾಮವು ಧಾತು, ಈಶ್ವರ ಸಂವತ್ಸರಗಳಲ್ಲಿ ಒದಗಿದುದರಿಂದ ಆ ಹೆಸರಿನಿಂದಲೇ ಜನರ ಬಾಯಲ್ಲಿ ನಿಂತಿತು. 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು.

1877ರ ಮಳೆಗಾಲವು ಕೆಡಲು ಶಾಂತಸಾಗರದ ಮೇಲ್ನೀರು ಕಾದುದೇ ಮುಖ್ಯ ಕಾರಣವೆಂದು ಇಂದಿನ ಶಾಸ್ತ್ರಜ್ಞರ ಮತ. ಆದರೆ ಮಳೆಯು ಎಲ್ಲರಿಗೂ ತಪ್ಪಿದರೂ ಹಸಿವು ಎಲ್ಲರಿಗೂ ಸಮನಾಗಲಿಲ್ಲ. ಹಗೇವಿನಲ್ಲಿ ರಾಗಿಯುಳ್ಳವನು ತಾಳಿಕೊಂಡನು. ಕೂಲಿಯನ್ನೇ ನಂಬಿದವನು ಕೆಲಸವೂ ಇಲ್ಲದೆ, ಏರಿದ ಧಾರಣೆಯನ್ನು ತೆರಲೂ ಆರದೆ ಮೊದಲು ಅಳಿದನು.

ಇಂತಹ ಸಮಯದಲ್ಲಿ ನೆರೆಯ ಮದರಾಸು ಆಧಿಪತ್ಯದಲ್ಲಿ ಸರ್ ರಿಚರ್ಡ್ ಟೆಂಪಲ್ಲರು ಮಿತವ್ಯಯವನ್ನೇ ನೀತಿಯಾಗಿ ಹಿಡಿದು, ಕಾಮಗಾರಿಯ ಆಳಿಗೆ ದಿನವೊಂದಕ್ಕೆ ಒಂದು ಪೌಂಡು ಧಾನ್ಯವೂ ಅಲ್ಪ ಕಾಸೂ ಸಾಕೆಂದು ಗೊತ್ತುಮಾಡಿದರು. ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷರು ಅದು ದೇಹಧಾರಣೆಗೆ ಸಾಲದೆಂದು ಪ್ರತಿಭಟಿಸಿದರು. ಕೆಲವು ತಿಂಗಳಲ್ಲಿ ಕೂಲಿಯನ್ನು ಹೆಚ್ಚಿಸಬೇಕಾಯಿತು.

1880ರಲ್ಲಿ ಕ್ಷಾಮದ ಆಯೋಗವು, ಬರದಲ್ಲಿ ಮೊದಲು ನಿಲ್ಲುವುದು ಬಡವನ ದುಡಿಮೆಯೆಂದು ಕಂಡು, ಕೆಲಸವೊದಗಿಸುವುದು ಸರ್ಕಾರದ ಕರ್ತವ್ಯವೆಂದು ಒಪ್ಪಿತು. 1883ರ ಕ್ಷಾಮಸಂಹಿತೆಯು ಅದರ ಫಲ. ಆ ಅರಿವಿಗೆ ತೆತ್ತ ಬೆಲೆ ಲಕ್ಷಾಂತರ ಪ್ರಾಣಗಳು. ಭೂಮಿಯ ತಾಪವೇರಿ ಮಳೆಯ ಕ್ರಮವು ಕದಲುತ್ತಿರುವ ಈ ಕಾಲದಲ್ಲಿ, ಆಕಾಶವನ್ನು ನೋಡುವ ರಾಜ್ಯನೀತಿಯು ಕೂಲಿಕಾರನ ಒಲೆಯನ್ನೂ ನೋಡಬೇಕೆಂಬುದೇ ಆ ಬರದ ಪಾಠವು.