ಗೋಡೆಯಾಚೆಗೆ ಹೋಗುವ ಬಿಸಿ

ಮೈಸೂರಿನಿಂದ ಊಟಿಗೆ ಹೋಗುವವರು ಗುಂಡ್ಲುಪೇಟೆಯ ಲಾಡ್ಜುಗಳ ಮುಂಭಾಗವನ್ನಷ್ಟೇ ನೋಡುತ್ತಾರೆ. ಚಾಮರಾಜನಗರ ಸೀಮೆಯ ಮನೆಗಳ ಚರಿತ್ರೆಯನ್ನು ಅಧ್ಯಯನ ಮಾಡುತ್ತಿರುವ ನನಗೆ ಅವುಗಳ ಹಿಂಗೋಡೆಗಳೇ ಹೆಚ್ಚು ಮಾತಾಡುವಂತೆ ಕಾಣುತ್ತವೆ. ಇಟ್ಟಿಗೆ ಒಡೆದು ಕೂರಿಸಿದ ಪೆಟ್ಟಿಗೆಗಳು, ತೊಟ್ಟಿಕ್ಕುವ ನೀರು, ಅದರಿಂದ ಗೋಡೆಯ ಮೇಲೆ ಇಳಿದ ಪಾಚಿಯ ಗೆರೆ, ಓಣಿಗೆ ಬಿಸಿಗಾಳಿ ಊದುವ ಜಾಲರಿ. ಒಂದು ಕೋಣೆಯನ್ನು ತಂಪಾಗಿಡುವುದು ಎಂದರೇನು ಎಂಬುದಕ್ಕೆ ಉತ್ತರ ಇರುವುದು ಈ ಹಿಂಗೋಡೆಯಲ್ಲೇ.

ಏಸಿ ತಂಪನ್ನು ತಯಾರಿಸುವುದಿಲ್ಲ. ಅದು ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಗೋಡೆಯಲ್ಲಿ ಕೂರುವ ಪೆಟ್ಟಿಗೆಯ ಒಳಮುಖದಲ್ಲಿ ತಣ್ಣನೆಯ ಕೊಳವೆಗಳ ಸುರುಳಿ, ಹೊರಮುಖದಲ್ಲಿ ಬಿಸಿಯಾದ ಇನ್ನೊಂದು ಸುರುಳಿ, ಎರಡರ ನಡುವೆ ಅನಿಲವನ್ನು ಒತ್ತಿ ಓಡಿಸುವ ಕಂಪ್ರೆಸರ್. ಅನಿಲ ಒಳಗೆ ಹಿಗ್ಗುವಾಗ ಬಿಸಿಯನ್ನು ಹೀರುತ್ತದೆ, ಹೊರಗೆ ಒತ್ತಡಕ್ಕೆ ಸಿಕ್ಕು ದ್ರವವಾಗುವಾಗ ಅದನ್ನು ಬಿಟ್ಟುಕೊಡುತ್ತದೆ. ಒಂದು ಕವಾಟದಿಂದ ಅನಿಲದ ದಾರಿಯನ್ನು ತಿರುವುಮುರುವು ಮಾಡಿದರೆ ಅದೇ ಪೆಟ್ಟಿಗೆ ಚಳಿಗಾಲದಲ್ಲಿ ಕೋಣೆಯನ್ನು ಬೆಚ್ಚಗಿಡುತ್ತದೆ. ಒಂದು ಟನ್ನಿನ ಏಸಿ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್‌ನಷ್ಟು ಬಿಸಿಯನ್ನು ಹೊರಗೆಸೆಯುತ್ತದೆ. ತಾನು ನುಂಗಿದ ವಿದ್ಯುತ್ತಿನ ಬಿಸಿಯನ್ನೂ ಅದರ ಜೊತೆಗೇ ಸೇರಿಸಿ ಕಳಿಸುತ್ತದೆ. ಈ ‘ಟನ್’ ಎಂಬ ಅಳತೆ ಮಂಜುಗಡ್ಡೆಯ ಕಾಲದ್ದು. ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗಲು ಹೀರುವ ಬಿಸಿಯೇ ಆ ಅಳತೆ. 1833ರಲ್ಲಿ ಅಮೆರಿಕದ ಕೆರೆಗಳ ಮಂಜುಗಡ್ಡೆ ಹಡಗೇರಿ ಕಲ್ಕತ್ತೆಗೆ ಬಂದಿಳಿದಿತ್ತು.

ಮಂಜುಗಡ್ಡೆ ಎಲ್ಲರ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಬ್ರಿಟಿಷರ ಬಂಗಲೆಗಳಲ್ಲಿ ಬೇಸಿಗೆಯನ್ನು ತಡೆದದ್ದು ಲಾವಂಚದ ತಟ್ಟಿ ಮತ್ತು ಪಂಖಾ. ಬಾಗಿಲಿಗೆ ಕಟ್ಟಿದ ತಟ್ಟಿಗೆ ಹೊರಗಿನಿಂದ ಒಬ್ಬ ನೀರು ಎರಚುತ್ತಿದ್ದ. ಸೂರಿಗೆ ತೂಗುಹಾಕಿದ ಪಂಖಾದ ಹಗ್ಗ ಗೋಡೆಯ ತೂತಿನಿಂದ ಹೊರಗೆ ಹೋಗುತ್ತಿತ್ತು. ಜಗಲಿಯಲ್ಲಿ ಕೂತ ಇನ್ನೊಬ್ಬ ಹಗಲಿರುಳೂ ಅದನ್ನು ಎಳೆಯುತ್ತಿದ್ದ. ಗೋಡೆಗೆ ಆ ತೂತು ಬಿದ್ದದ್ದೇ ಎಳೆಯುವವನು ಒಳಗೆ ಇರಬಾರದೆಂದು. ಅವನು ತೂಕಡಿಸಿದರೆ ಒದೆ ಬೀಳುತ್ತಿತ್ತು. ಒದೆತಕ್ಕೆ ಪ್ರಾಣ ಹೋದ ಪ್ರಕರಣಗಳೂ ನ್ಯಾಯಾಲಯಕ್ಕೆ ಬಂದವು. ಮಲೇರಿಯಾದಿಂದ ಅವನ ಗುಲ್ಮ ಮೊದಲೇ ಊದಿಕೊಂಡಿತ್ತು, ಸಣ್ಣ ಪೆಟ್ಟಿಗೇ ಒಡೆಯಿತು ಎಂಬ ವಾದದ ಮೇಲೆ ಯುರೋಪಿಯನ್ ಆರೋಪಿಗಳು ಹಗುರ ಶಿಕ್ಷೆಯಲ್ಲಿ ಪಾರಾದದ್ದುಂಟು. ಕೋಣೆಯೊಳಗಿನವರು ಬೇಸಿಗೆಯ ಬಗ್ಗೆ ಪತ್ರ, ದಿನಚರಿಗಳನ್ನು ಬರೆದಿಟ್ಟರು. ಹಗ್ಗದ ಆ ತುದಿಯಲ್ಲಿದ್ದವನು ದಾಖಲೆಗೆ ಬರಲು ಅನೇಕ ಸಲ ಸಾಯಬೇಕಾಯಿತು.

ತಂಪನ್ನು ಕೋಣೆಗೆ ತರಲಾಗದಾಗ ಕಚೇರಿಯನ್ನೇ ತಂಪಿನೆಡೆಗೆ ಸಾಗಿಸುವ ದಾರಿಯೂ ಇತ್ತು. ಮದ್ರಾಸ್ ಸರ್ಕಾರ ಬೇಸಿಗೆ ಬಂದರೆ ಕಡತಗಳ ಸಮೇತ ಊಟಿ ಹತ್ತುತ್ತಿತ್ತು. ಮೈಸೂರು ಕಡೆಯಿಂದ ಊಟಿಗೆ ಹೊರಟವರ ಹಾದಿಯಲ್ಲಿ ಸಿಗುತ್ತಿದ್ದ ಊರೇ ಗುಂಡ್ಲುಪೇಟೆ.

ಪಂಖಾ ಎಳೆಯುವವನ ಕೈಯಿಂದ ಹಗ್ಗ ಬಿಡಿಸಿದ್ದು ವಿದ್ಯುತ್ತು. ಈ ಕತೆಯಲ್ಲಿ 1902 ಒಂದು ವಿಚಿತ್ರ ವರ್ಷ. ಇಂದಿನ ಚಾಮರಾಜನಗರ ಜಿಲ್ಲೆಯ ಗಡಿಯಲ್ಲಿರುವ ಶಿವನಸಮುದ್ರದಿಂದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ಮುಟ್ಟಿದ್ದು ಆ ವರ್ಷ. ಬೆಂಗಳೂರಿನ ಬೀದಿದೀಪ ಹೊತ್ತಿಕೊಳ್ಳಲು 1905 ಬರಬೇಕಾಯಿತು. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ ವಿಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಆಧುನಿಕ ಹವಾನಿಯಂತ್ರಣದ ನಕ್ಷೆ ಬರೆದದ್ದೂ 1902ರಲ್ಲೇ. ಅಲ್ಲಿ ಬೆವರುತ್ತಿದ್ದ ಕೆಲಸಗಾರರು ಅವನ ಸಮಸ್ಯೆಯಾಗಿರಲಿಲ್ಲ. ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ, ಅದೇ ಸಮಸ್ಯೆ. ವಿದ್ಯುತ್ತು ಮೊದಲು ಹೋದದ್ದು ಚಿನ್ನಕ್ಕೆ, ತಂಪು ಮೊದಲು ಸಿಕ್ಕಿದ್ದು ಕಾಗದಕ್ಕೆ.

ನಮ್ಮ ಸೀಮೆಯಲ್ಲೂ ಹೀಗೆಯೇ. ಚಾಮರಾಜನಗರ, ಯಳಂದೂರು, ಕೊಳ್ಳೇಗಾಲದ ಹಳ್ಳಿಗಳಲ್ಲಿ ಥರ್ಮಾಮೀಟರ್ ನೇತುಹಾಕಿ ಹಗಲು ರಾತ್ರಿ ಕಾದ ಕೋಣೆ ಮನುಷ್ಯರದ್ದಲ್ಲ, ರೇಷ್ಮೆ ಹುಳುಗಳದ್ದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಮೈಸೂರು ರಾಜ್ಯಕ್ಕೆ ತರಿಸಿದ ಈ ಹುಳು ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದು. ಚಾಕಿ ಹಂತದ ಮರಿಗಳಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಮತ್ತು ಶೇಕಡಾ 85ರಿಂದ 90ರಷ್ಟು ತೇವ ಬೇಕು. ನಾಲ್ಕನೆಯ ಜ್ವರ ದಾಟಿದ ದೊಡ್ಡ ಹುಳುಗಳಿಗೆ 24–25 ಡಿಗ್ರಿ ಸಾಕು, ತೇವವೂ ಕಡಿಮೆಯಿರಬೇಕು. ಹದ ತಪ್ಪಿದರೆ ರೋಗ ಬರುತ್ತದೆ, ಗೂಡು ತೆಳುವಾಗುತ್ತದೆ, ಸಾಲ ಉಳಿಯುತ್ತದೆ.

ಈ ಹದವನ್ನು ರೈತರು ಕಾಯ್ದದ್ದು ಕೈಗೆ ಸಿಕ್ಕುವ ವಸ್ತುಗಳಿಂದ. ಬೇಸಿಗೆಯಲ್ಲಿ ಕಿಟಕಿ ಬಾಗಿಲಿಗೆ ಒದ್ದೆ ಗೋಣಿತಾಟು, ಸೂರಿನ ಮೇಲೆ ತೆಂಗಿನ ಗರಿ, ಸುತ್ತ ಜಗಲಿ, ಮರದ ನೆರಳು. ಚಳಿಯಲ್ಲಿ ಇದ್ದಿಲಿನ ಒಲೆ. ಆದರೆ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಹೊಗೆ ಹುಳುವಿಗೂ ಅಪಾಯ, ಸೊಪ್ಪು ಹಾಕುವ ಹೆಂಗಸಿಗೂ ಅಪಾಯ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂದ ಮೇಲೆ ಕಿಟಕಿಗೆ ಸೊಳ್ಳೆಪರದೆಯಂಥ ಬಲೆಯೂ ಬಿತ್ತು. ಗಾಳಿ ಒಳಗೆ ಬರಬೇಕು, ನೊಣ ಬರಬಾರದು. ವಾಸದ ಮನೆಯಲ್ಲೇ ಹುಳು ಸಾಕುತ್ತಿದ್ದ ಕಾಲದಲ್ಲಿ ಮನೆಯವರು ಮೂಲೆಗೆ ಸರಿದು ಹುಳುಗಳಿಗೆ ಜಾಗ ಬಿಡುತ್ತಿದ್ದರು. ಆಮೇಲೆ ಅನುಕೂಲವಿದ್ದವರು ಬೇರೆ ಹುಳುಮನೆ ಕಟ್ಟಿಸಿದರು. ಜನ ಮಲಗುವ ಮನೆಗಿಂತ ಹೆಚ್ಚು ಯೋಚಿಸಿ ಗಾಳಿಕಿಂಡಿ ಇಟ್ಟ ಹುಳುಮನೆಗಳನ್ನು ನಾನು ಕ್ಷೇತ್ರಕಾರ್ಯದಲ್ಲಿ ಕಂಡಿದ್ದೇನೆ. ಅದರಲ್ಲಿ ನಗುವಂಥದ್ದೇನೂ ಇಲ್ಲ. ದುಡ್ಡು ಬರುತ್ತಿದ್ದದ್ದು ಆ ಮನೆಯಿಂದ.

2020ರ ಜನವರಿಯಿಂದ ದೇಶದಲ್ಲಿ ಮಾರಾಟವಾಗುವ ಸ್ಟಾರ್ ಗುರುತಿನ ಏಸಿಗಳು ಚಾಲೂ ಆದೊಡನೆ 24 ಡಿಗ್ರಿಯಲ್ಲಿ ನಿಲ್ಲಬೇಕು ಎಂಬ ನಿಯಮ ಬಂತು. ಗೂಡು ಕಟ್ಟುವ ಮುಂಚಿನ ದಿನಗಳಲ್ಲಿ ಹುಳುವಿಗೆ ಹಿತವಾದ ಬಿಸಿಯೂ ಹೆಚ್ಚುಕಮ್ಮಿ ಅದೇ. ಹುಳು ಎಂದೋ ಪಡೆದಿದ್ದ ಸೌಕರ್ಯ ಮನುಷ್ಯರಿಗೆ ಈಗ ಬಂದಿದೆ, ಅದೂ ಕೊಳ್ಳಬಲ್ಲವರಿಗೆ. ವ್ಯತ್ಯಾಸ ಇಷ್ಟೆ: ಒದ್ದೆ ಗೋಣಿ ತನ್ನ ಬಿಸಿಯನ್ನು ನೀರಿನ ಆವಿಗೆ ಕೊಟ್ಟು ಸುಮ್ಮನಾಗುತ್ತಿತ್ತು, ಏಸಿ ಅದನ್ನು ಪಕ್ಕದವರ ಕಿಟಕಿಗೆ ಕೊಡುತ್ತದೆ.

ಏಸಿ ಬೇಡವೆನ್ನುವ ಹಟ ನನಗಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಶೀಟಿನ ಸೂರಿನಡಿ ಮಲಗಿರುವ ಬಾಣಂತಿಗೆ, ವಯಸ್ಸಾದವರಿಗೆ ತಂಪು ಶೋಕಿಯಲ್ಲ. ಆದರೆ ಪಂಖಾದ ಹಗ್ಗ, ಹುಳುಮನೆಯ ಗೋಣಿ, ಗೋಡೆಯ ಪೆಟ್ಟಿಗೆ, ಈ ಮೂರನ್ನೂ ಅಕ್ಕಪಕ್ಕ ಇಟ್ಟಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಕೋಣೆಯ ಹವೆ ಎಂದೂ ಆ ಕೋಣೆಯೊಳಗಿನ ವಿಷಯವಷ್ಟೇ ಆಗಿರಲಿಲ್ಲ. ಒಳಗೆ ಯಾರಿಗೆ ತಂಪು ಎಂದು ಕೇಳಿದವರು ಹೊರಗೆ ಯಾರಿಗೆ ಸೆಕೆ ಎಂದೂ ಕೇಳಬೇಕು. ಮನೆಯ ಚರಿತ್ರೆ ಬರೆಯುವವರಿಗೂ, ಮನೆ ಕಟ್ಟಿಸುವವರಿಗೂ ಈ ಎರಡನೆಯ ಪ್ರಶ್ನೆ ಒಂದೇ.