ಕಡಮತ್‌ನ ಖಾಲಿ ಮರಳು

ಲಕ್ಷದ್ವೀಪದ ಕಡಮತ್‌ ಎಂಟೊಂಬತ್ತು ಕಿಲೋಮೀಟರ್ ಉದ್ದದ, ಕಿರಿದಾದ ದ್ವೀಪ. ಅಲ್ಲಿಗೆ ಹೋದ ಮರುದಿನ ಫಜ್ರ್ ನಮಾಜು ಮುಗಿಸಿ ಕಡಲಂಚಿನಲ್ಲಿ ನಡೆದೆ. ಕಣ್ಣು ಹಾಯುವಷ್ಟು ದೂರ ಬಿಳಿ ಮರಳು, ಒಂದು ನರಪಿಳ್ಳೆಯಿಲ್ಲ. ಮನುಷ್ಯರ ಕೈ ಸೋಕದ ಜಾಗವೆಂದು ಸಂತೋಷಪಡುತ್ತಿದ್ದಾಗ, ಹಿಂದಿನಿಂದ ಒಬ್ಬ ಅಜ್ಜ ಕೂಗಿ ಬೇರೆ ಕಡೆ ನಡೆಯುವಂತೆ ಕೈಸನ್ನೆ ಮಾಡಿದರು. ನನ್ನ ಕಾಲಡಿಯ ಮರಳಲ್ಲಿ ತೆಂಗಿನ ಸಿಪ್ಪೆ ಹೂತಿಟ್ಟಿದ್ದರು.

ಮಂಗಳೂರಿನ ಕಡೆಯಿಂದ ಬಂದೆ ಎಂದಾಗ ಅಜ್ಜನ ಮುಖ ಅರಳಿತು. "ನಮ್ಮ ಹಿರಿಯರು ಅಕ್ಕಿಗೆ ಅಲ್ಲಿಗೇ ಬರುತ್ತಿದ್ದರು" ಎಂದರು.

ಅದು ನಿಜ. ಕಡಮತ್, ಅಮಿನಿ, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಲ್ಲಿದ್ದವು. ತೆಂಗಿನ ಹುರಿಯ ವ್ಯಾಪಾರ ಪೂರ್ತಿ ದೊರೆತನದ ಕೈಯಲ್ಲಿತ್ತು. ಕಿರುಕುಳ ತಾಳದೆ 1783ರಲ್ಲಿ ಅಮಿನಿಯ ಕೆಲವರು ಕಡಲು ದಾಟಿ ಮಂಗಳೂರಿನಲ್ಲಿ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಆಳುವವರೂ ಮುಸ್ಲಿಮರು, ಆಳಿಸಿಕೊಂಡವರೂ ಮುಸ್ಲಿಮರು. ಹಸಿವಿಗೆ ಮಾತ್ರ ಆ ನಂಟು ತಿಳಿಯಲಿಲ್ಲ. ಮುಂದೆ ಈ ಐದು ದ್ವೀಪಗಳು ಟಿಪ್ಪುವಿನ ವಶಕ್ಕೆ ಬಂದವು. 1799ರಲ್ಲಿ ಆತ ಮಡಿದ ಮೇಲೆ ಕಂಪನಿ ಸರ್ಕಾರದ ಪಾಲಾಗಿ ಕೆನರಾ ಜಿಲ್ಲೆಗೆ ಸೇರಿದವು.

ದೊರೆ ಬದಲಾದರೂ ದುಡಿಮೆ ಬದಲಾಗಲಿಲ್ಲ. ಹೆಂಗಸರು ಸಿಪ್ಪೆಯನ್ನು ತಿಂಗಳುಗಟ್ಟಲೆ ಹೂತು, ಬಡಿದು, ನಾರು ತೆಗೆದು ಹುರಿ ಹೊಸೆಯುತ್ತಿದ್ದರು. ಗಂಡಸರು ಅದನ್ನು ಓಡಂ ಎಂಬ ಹಾಯಿಹಡಗಿನಲ್ಲಿ ಹೇರಿ ಮಂಗಳೂರಿಗೆ ಒಯ್ದು, ಸರ್ಕಾರ ಗೊತ್ತುಪಡಿಸಿದ ದರಕ್ಕೆ ಒಪ್ಪಿಸಿ ಅಕ್ಕಿ ತರುತ್ತಿದ್ದರು. ಭತ್ತ ಬೆಳೆಯದ ದ್ವೀಪಕ್ಕೆ ಮಳೆಗಾಲದ ಗಂಜಿ ಆ ಅಕ್ಕಿಯದೇ.

1956ರ ನವೆಂಬರ್ 1ರಂದು ಮಂಗಳೂರು ವಿಶಾಲ ಮೈಸೂರಿಗೆ ಸೇರಿತು. ಅದೇ ದಿನ ಈ ದ್ವೀಪಗಳು ದಕ್ಷಿಣ ಕನ್ನಡವನ್ನು ಬಿಟ್ಟು ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಏಕೀಕರಣದ ಸಂಭ್ರಮದಲ್ಲಿ ನಾವು ಈ ಅಗಲಿಕೆಯನ್ನು ನೆನೆದದ್ದು ಕಡಿಮೆ.

ಈಗ ನಮಗೆ ಲಕ್ಷದ್ವೀಪವೆಂದರೆ ಖಾಲಿ ಕಡಲತೀರದ ಚಿತ್ರಗಳು. ಖಾಲಿ ಎಂದು ಕಂಡ ಜಾಗವನ್ನು ಯಾರಿಗಾದರೂ ಕೊಡಬಹುದೆನಿಸುತ್ತದೆ. 2021ರಲ್ಲಿ, ಅಭಿವೃದ್ಧಿಗೆಂದು ಜಮೀನು ವಶಪಡಿಸಿಕೊಳ್ಳುವ ಅಧಿಕಾರವನ್ನು ಆಡಳಿತಕ್ಕೆ ಕೊಡುವ ಕರಡು ಕಾನೂನು ಹೊರಬಂದಾಗ, ಜೂನ್ 7ರಂದು ದ್ವೀಪದ ಜನ ತಮ್ಮ ಮನೆಗಳಲ್ಲೇ ಉಪವಾಸ ಕುಳಿತರು. ತಾವು ಇಲ್ಲಿದ್ದೇವೆ ಎಂದು ಹೇಳಲು ಅವರಿಗೆ ಉಳಿದಿದ್ದ ದಾರಿ ಅದು.

ಅಜ್ಜನಿಗೆ ಸಲಾಂ ಹೇಳಿ ಹಿಂದಿರುಗಿದೆ. ಸಿಪ್ಪೆ ಹೂತ ಜಾಗವನ್ನು ಈ ಸಲ ಬಳಸಿಕೊಂಡು ನಡೆದೆ.