ದುಬ್ವಾ ಅವರ ಸಂದೇಹ ಮತ್ತು ಶೆಟ್ಟಿಹಳ್ಳಿಯ ಒಕ್ಕಲುಗಳು

ಹಾಸನದ ಸೀಮೆಯ ಧಾರ್ಮಿಕ ಚರಿತ್ರೆ ಎಂದರೆ ಕೊರವಂಗಲದಲ್ಲಿ 1173ರಲ್ಲಿ ನಿರ್ಮಾಣಗೊಂಡ ಬೂಚೇಶ್ವರನಂಥ ಹೊಯ್ಸಳ ದೇಗುಲಗಳ ಚರಿತ್ರೆ ಎಂದೇ ಭಾವಿಸುವ ರೂಢಿಯಿರುವುದರಿಂದ, ಅದೇ ನೆಲದಲ್ಲಿ ಬೇಸಾಯ ಮಾಡಿಕೊಂಡು ಬಂದ ಕ್ರೈಸ್ತ ಒಕ್ಕಲುಗಳ ಕಡೆಗೆ ವಿದ್ವಾಂಸರ ಗಮನ ಹರಿದದ್ದು ಕಡಿಮೆ. ಆದರೆ ಕ್ರೈಸ್ತ ವಿಶ್ವಾಸವು ಭಯವನ್ನೂ ಸಂದೇಹವನ್ನೂ ಹೇಗೆ ಎದುರಿಸಿತೆಂಬುದನ್ನು ತಿಳಿಯಲು ಕನ್ನಡನಾಡಿನಲ್ಲಿ ಅವರ ಚರಿತ್ರೆಗಿಂತ ಹತ್ತಿರದ ನಿದರ್ಶನ ಸಿಗುವುದು ಕಷ್ಟ.

ಮೈಸೂರು ಸೀಮೆಯಲ್ಲಿ ಕಥೋಲಿಕ ಧರ್ಮಪ್ರಚಾರವು 17ನೆಯ ಶತಮಾನದ ನಡುವೆ, ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿಯವರು ಶ್ರೀರಂಗಪಟ್ಟಣಕ್ಕೆ ಬಂದಾಗ ಬೇರೂರಿತು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಮೇಲೆ, ಹಲವರು ಬಲವಂತದಿಂದ ಮತ ಬದಲಿಸಬೇಕಾಯಿತು; 1799ರಲ್ಲಿ ಅವನ ಪತನವಾಗುವವರೆಗೂ ಆ ಸೆರೆ ಮುಗಿಯಲಿಲ್ಲ.

ಚದುರಿದ ಈ ಸಮುದಾಯವನ್ನು ಮರಳಿ ಕಟ್ಟಲು ಬಂದವರು ಪ್ಯಾರಿಸ್ಸಿನ ವಿದೇಶೀ ಧರ್ಮಪ್ರಚಾರ ಸಂಸ್ಥೆಯ ಪಾದ್ರಿ ಅಬ್ಬೆ ದುಬ್ವಾ ಅವರು. 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಫ್ರಾನ್ಸ್ ಬಿಟ್ಟ ಅವರು ಈ ನಾಡಿನವರಂತೆಯೇ ಉಟ್ಟು, ಮಾಂಸಾಹಾರ ತೊರೆದು, ಜನರ ಬಾಯಲ್ಲಿ ‘ದೊಡ್ಡ ಸ್ವಾಮಿಯವರು’ ಎನಿಸಿಕೊಂಡರು. ಮತಕ್ಕೆ ಮರಳಿದವರಿಗೆ ಉಪದೇಶವೊಂದೇ ಸಾಲದು, ಬದುಕಿಗೆ ಆಧಾರವೂ ಬೇಕೆಂಬುದನ್ನು ಕಂಡುಕೊಂಡ ಅವರು ಬೇಸಾಯದ ವಸಾಹತುಗಳನ್ನು, ಅಂದರೆ ಒಂದೇ ಮತದ ಕುಟುಂಬಗಳು ಸೇರಿ ಉಳುವ ಹಳ್ಳಿಗಳನ್ನು ಸ್ಥಾಪಿಸಿದರು. ಅವುಗಳಲ್ಲಿ ಪ್ರಮುಖವಾದುದು ಹಾಸನದ ಬಳಿಯ ಶೆಟ್ಟಿಹಳ್ಳಿ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಅದರ ಹೆಸರು ಸಾತಳ್ಳಿ. 1803-04ರ ಹೊತ್ತಿಗೆ ಸಿಡುಬಿನ ವಿರುದ್ಧ ದಾಕು ಹಾಕಿಸುವ ಕೆಲಸಕ್ಕೂ ಅವರು ಕೈಹಾಕಿದರು.

ಇಷ್ಟೆಲ್ಲ ದುಡಿದವರೇ 1823ರಲ್ಲಿ ಭಾರತವನ್ನು ಬಿಟ್ಟುಹೋದ ವರ್ಷವೇ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳ ಗ್ರಂಥದಲ್ಲಿ, ಹಿಂದೂಗಳು ಮನಃಪೂರ್ವಕವಾಗಿ ಕ್ರೈಸ್ತರಾಗುವ ಸಂಭವವಿಲ್ಲವೆಂದೂ, ಕಾಲು ಶತಮಾನದ ದುಡಿಮೆಯಲ್ಲಿ ತಮಗೆ ದಕ್ಕಿದ ಮತಾಂತರಿತರು ಇನ್ನೂರು ಮುನ್ನೂರರಷ್ಟು ಮಾತ್ರವೆಂದೂ ಬರೆದರು. ಟಿಪ್ಪುವಿನ ಕಾಲದಲ್ಲಿ ಸೆರೆಸಿಕ್ಕ ಅರವತ್ತು ಸಾವಿರ ಮಂದಿಯಲ್ಲಿ ಒಬ್ಬರೂ ರಕ್ತಸಾಕ್ಷಿಯಾಗಲಿಲ್ಲ, ಎಂದರೆ ವಿಶ್ವಾಸಕ್ಕಾಗಿ ಪ್ರಾಣ ಕೊಡಲಿಲ್ಲ ಎಂಬುದು ಅವರ ಅತ್ಯಂತ ಕಠಿಣ ಆರೋಪ. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬ ಪ್ರಾಟೆಸ್ಟಂಟ್ ಬೋಧಕರು ಮರುವರ್ಷವೇ ಪುಸ್ತಕಗಳ ಮೂಲಕ ಉತ್ತರ ಕೊಟ್ಟರು.

ದುಬ್ವಾ ಅವರ ಪ್ರಾಮಾಣಿಕತೆಯನ್ನು ಗೌರವಿಸಬೇಕು. ಸೋಲನ್ನು ಮುಚ್ಚಿಡದೆ ಹೇಳುವ ಧರ್ಮಪ್ರಚಾರಕರು ಆ ಕಾಲದಲ್ಲಿ ವಿರಳ. ಆದರೆ ಅವರ ಅಳತೆಗೋಲು ನ್ಯಾಯವಾದುದಲ್ಲ. ಕತ್ತಿಯ ಎದುರು ತಲೆತಗ್ಗಿಸಿದವರ ವಿಶ್ವಾಸವನ್ನು ಆ ಒಂದು ಗಳಿಗೆಯಿಂದಲೇ ಅಳೆದುಬಿಟ್ಟರೆ, ಬೆದರಿಕೆ ಹೋದೊಡನೆ ಯಾವ ಲಾಭವೂ ಕಾದಿರದಿದ್ದರೂ ಅವರಲ್ಲಿ ಬಹಳ ಮಂದಿ ಹಿಂದಿರುಗಿದರೇಕೆ ಎಂಬುದಕ್ಕೆ ಉತ್ತರವಿಲ್ಲದಂತಾಗುತ್ತದೆ. ಸುವಾರ್ತೆಗಳ ಪ್ರಕಾರ ಸ್ವಾಮಿಯನ್ನು ಮೂರು ಸಲ ಅಲ್ಲಗಳೆದ ಪೇತ್ರನೇ ಸಭೆಯ ಮೊದಲ ಹಿರಿಯನಾದನೆಂಬುದನ್ನು ದುಬ್ವಾ ಅವರು ಪೂಜಾಪೀಠದಿಂದ ಎಷ್ಟೋ ಸಲ ಓದಿದ್ದಿರಬೇಕು. ತಮ್ಮ ಒಕ್ಕಲುಗಳಿಗೆ ಅದೇ ರಿಯಾಯಿತಿಯನ್ನು ಅವರು ಬರಹದಲ್ಲಿ ತೋರಲಿಲ್ಲ.

ಆಚರಣೆಯಲ್ಲಿ ತೋರಿದರು. ಮರಳಿದವರನ್ನು ಸೇರಿಸಿಕೊಂಡು ನೆಲೆಗೊಳಿಸಿದವರು ಅವರೇ. ಸಂದೇಹವನ್ನು ಲೋಕದೆದುರು ಬಿಚ್ಚಿಟ್ಟ ಮೇಲೂ ಅವರು ಸಂಸ್ಥೆಯನ್ನು ತೊರೆಯದೆ, 1836ರಿಂದ 1839ರವರೆಗೆ ಪ್ಯಾರಿಸ್ಸಿನಲ್ಲಿ ಅದರ ಮುಖ್ಯಸ್ಥರಾಗಿ, ಪೂರ್ವದೇಶಗಳಿಗೆ ಹೊಸ ಪಾದ್ರಿಗಳನ್ನು ಕಳಿಸುವ ಹೊಣೆ ಹೊತ್ತು, 1848ರಲ್ಲಿ ತೀರಿಕೊಂಡರು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಶೆಟ್ಟಿಹಳ್ಳಿಯಲ್ಲಿ ಜಪಮಾಲೆ ಮಾತೆಯ ದೊಡ್ಡ ಇಗರ್ಜಿಯನ್ನು ಕಟ್ಟಿಸಿದರು. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಬಂದಾಗ ಹಿನ್ನೀರಿನ ಪಾಲಾದ ಹಳ್ಳಿಯವರು ಬೇರೆಡೆ ಮನೆ ಕಟ್ಟಿಕೊಳ್ಳಬೇಕಾಯಿತು. ದುಬ್ವಾ ಅವರು ಗಟ್ಟಿಯೆಂದು ನಂಬದಿದ್ದ ವಿಶ್ವಾಸವನ್ನು ಅವರು ಆ ಹೊಸ ಊರುಗಳಿಗೂ ಒಯ್ದರು.